ಮನೆ ಅಲ್ಲೇ, ವಿಳಾಸ ಬೇರೆ

ನ್ಯಾಮತಿಯ ನಮ್ಮ ಮನೆ ಒಂದಡಿಯೂ ಕದಲಿಲ್ಲ, ವಿಳಾಸ ಮಾತ್ರ ಎರಡು ಸಲ ಬದಲಾಯಿತು. ನೋಟ್‌ಬುಕ್ಕಿನ ರಟ್ಟಿನ ಮೇಲೆ ‘ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ’ ಅಂತ ಗುಂಡಗೆ ಬರೆಯುತ್ತಿದ್ದೆ. 1997ರಲ್ಲಿ ಮುಖ್ಯಮಂತ್ರಿ ಜೆ.ಎಚ್. ಪಟೇಲರು ದಾವಣಗೆರೆ ಜಿಲ್ಲೆ ಮಾಡಿದರು ನೋಡಿ, ಶಿವಮೊಗ್ಗದ ಹೊನ್ನಾಳಿ, ಚನ್ನಗಿರಿ, ಚಿತ್ರದುರ್ಗದ ಜಗಳೂರು ಎಲ್ಲ ವಾರಗಿತ್ತಿಯರಾದವು! ಈಗ ನ್ಯಾಮತಿಯೇ ಒಂದು ತಾಲ್ಲೂಕು. ಅಪ್ಪನ ಬೈಕು ಮಾತ್ರ ಕೊನೇವರೆಗೂ ಶಿವಮೊಗ್ಗದ ಕೆಎ 14.

ವಿಳಾಸದ ಹಾಗೆ ಊರೂ ಬದಲಾಗಿದೆ: ನಾವು ಏಡಿ ಹಿಡಿಯುತ್ತಿದ್ದ ಭತ್ತದ ಗದ್ದೆಯಲ್ಲಿ ಈಗ ಅಡಿಕೆ ತೋಟ. ಕೊಯ್ಲಿನ ದಿನಗಳಲ್ಲಿ ಬೀದಿಗೆಲ್ಲ ಅಡಿಕೆ ಬೇಯಿಸುವ ಚೊಗರಿನ ವಾಸನೆ.

ಜವಳಿಗೆ, ಆಸ್ಪತ್ರೆಗೆ ಅವ್ವ ಇವತ್ತಿಗೂ ಹತ್ತುವುದು ಶಿವಮೊಗ್ಗದ ಬಸ್ಸನ್ನೇ. ಯಾಕೆಂದು ಕೇಳಿದರೆ, “ಜಿಲ್ಲೆ ಎಲ್ಲಾದ್ರೂ ಹೋಗ್ಲಿ ಬಿಡೋ, ನಂಗೆ ಶಿವಮೊಗ್ಗನೇ ಹತ್ರ” ಅನ್ನುತ್ತಾಳೆ.