ಅಂದಾಜು ಪಟ್ಟಿ

‘ಅಂದಾಜು’ ಎಂಬ ಮಾತು ಪಾರಸಿಯಿಂದ ಬಂದುದು. ಅಲ್ಲಿ ಅದಕ್ಕೆ ಅಳತೆ, ಪ್ರಮಾಣ ಎಂಬ ಅರ್ಥ. ಕನ್ನಡದ ಮನೆಯನ್ನು ಹೊಕ್ಕ ಮೇಲೆ ಅದು ಕೊಂಚ ಸೋಮಾರಿಯಾಯಿತು. “ಏನೋ ಅಂದಾಜಿಗೆ ಹೇಳಿದೆನಪ್ಪ” ಎಂದರೆ ಅಳೆಯದೆ ಹೇಳಿದೆ ಎಂದೇ ತಾತ್ಪರ್ಯ. ಆದರೆ ಮನೆ ಕಟ್ಟಿಸಲು ಹೊರಟ ಗೃಹಸ್ಥನ ಕೈಗೆ ಎಂಜಿನಿಯರು ಅಂದಾಜು ಪಟ್ಟಿಯನ್ನು ಕೊಟ್ಟ ಗಳಿಗೆಯಲ್ಲಿ ಈ ಶಬ್ದಕ್ಕೆ ಮೂರನೆಯ ಅರ್ಥವೊಂದು ಹುಟ್ಟುತ್ತದೆ. ಕೊಟ್ಟವನು ಅದನ್ನು ಲೆಕ್ಕವೆಂದು ಕೊಡುತ್ತಾನೆ. ಪಡೆದವನು ಅದನ್ನು ಆಣೆಯೆಂದು ಸ್ವೀಕರಿಸುತ್ತಾನೆ. ಗೃಹಪ್ರವೇಶದ ಹೊತ್ತಿಗೆ ಇಬ್ಬರ ನಡುವೆ ಮಾತುಕತೆ ನಿಂತುಹೋಗಿದ್ದರೆ ಅದಕ್ಕೆ ಬಹುಮಟ್ಟಿಗೆ ಈ ಅರ್ಥಭೇದವೇ ಕಾರಣ.

ಆ ಪಟ್ಟಿಯನ್ನು ತೆಗಳುವುದಕ್ಕೆ ಮೊದಲು ಅದು ಸಿದ್ಧವಾಗುವ ಬಗೆಯನ್ನು ನೋಡುವುದು ನ್ಯಾಯ. ಇನ್ನೂ ಇಲ್ಲದ ಮನೆಯೊಂದನ್ನು ಕಾಗದದ ಮೇಲೆ ಕಟ್ಟಿ, ಮತ್ತೆ ಅದನ್ನು ಬಿಚ್ಚಿ, ಮಣ್ಣು, ಕಲ್ಲು, ಇಟ್ಟಿಗೆ, ಗಾರೆ, ಕಬ್ಬಿಣವೆಂದು ಗುಡ್ಡೆಗುಡ್ಡೆಯಾಗಿ ಎಣಿಸಿಡುವ ಕೆಲಸವದು. ಪಾಯ ತೋಡುವುದರಿಂದ ಮೊದಲುಗೊಂಡು ಸುಣ್ಣಬಣ್ಣದವರೆಗೆ ಒಂದೊಂದಕ್ಕೂ ಉದ್ದ, ಅಗಲ, ಎತ್ತರ. ಬಂದ ಪರಿಮಾಣಕ್ಕೆ ದರ. ಕೇಳಲು ಪ್ರಾಥಮಿಕ ಶಾಲೆಯ ಗುಣಾಕಾರದಂತಿದೆ. ಆದರೆ ಒಂದು ಕೋಣೆಯ ನಾಲ್ಕು ಗೋಡೆಗಳನ್ನು ಹೊರಗಿನಿಂದ ಅಳೆದು ಕೂಡಿಸಿದವನು ನಾಲ್ಕು ಮೂಲೆಗಳನ್ನೂ ಎರಡೆರಡು ಬಾರಿ ಎಣಿಸಿರುತ್ತಾನೆ. ಗೋಡೆ ಒಂಬತ್ತು ಅಂಗುಲ ದಪ್ಪ, ಹತ್ತು ಅಡಿ ಎತ್ತರವಾದರೆ ಈ ಪ್ರಮಾದದಿಂದ ಹೆಚ್ಚುವುದು 22½ ಘನ ಅಡಿ. ಘನ ಮೀಟರೊಂದಕ್ಕೆ 500 ಇಟ್ಟಿಗೆಯೆಂಬ ವಾಡಿಕೆಯ ಲೆಕ್ಕದಲ್ಲಿ ಮುನ್ನೂರಕ್ಕೂ ಮೀರಿದ ಇಟ್ಟಿಗೆಗಳು ಇಲ್ಲದ ಮೂಲೆಗಳಲ್ಲಿ ಕುಳಿತುಬಿಡುತ್ತವೆ! ಅದಕ್ಕಾಗಿಯೇ ಬಲ್ಲವರು ಉದ್ದ ಗೋಡೆಯನ್ನು ಹೊರಗಿನಿಂದಲೂ ಗಿಡ್ಡ ಗೋಡೆಯನ್ನು ಒಳಗಿನಿಂದಲೂ ಅಳೆಯುತ್ತಾರೆ. ಇಲ್ಲವೆ ಗೋಡೆಯ ನಡುಗೆರೆಯನ್ನು ಹಿಡಿದು ನಡೆಯುತ್ತಾರೆ.

ಪದಾರ್ಥಗಳಿಗೂ ತಮ್ಮದೇ ಸ್ವಭಾವಗಳುಂಟು. ಒಂದು ಘನ ಮೀಟರು ಕಾಂಕ್ರೀಟು ಬೇಕೆಂದರೆ ಒಂದೂವರೆ ಪಾಲಿಗೂ ಮಿಗಿಲಾಗಿ ಒಣ ಸರಕನ್ನು ಸುರಿಯಬೇಕು. ಜಲ್ಲಿಯ ಸಂದಿಗೆ ಮರಳೂ ಮರಳಿನ ಸಂದಿಗೆ ಸಿಮೆಂಟೂ ಇಳಿದು, ಗುಡ್ಡೆ ಕುಗ್ಗುತ್ತದೆ. 1:2:4ರ ಮಿಶ್ರಣವಾದರೆ ಅದಕ್ಕೆ 50 ಕಿಲೋಗ್ರಾಮಿನ ಆರೂಕಾಲು ಮೂಟೆಯಷ್ಟು ಸಿಮೆಂಟು ಹಿಡಿಸುತ್ತದೆ. ಮರಳಿನ ಮಾಯೆಯಂತೂ ಇನ್ನೂ ದೊಡ್ಡದು. ತುಸು ತೇವವಿರುವ ಮರಳು ಒಣ ಮರಳಿಗಿಂತ ಕಾಲುಭಾಗದಷ್ಟು ಹೆಚ್ಚಿನ ಸ್ಥಳವನ್ನು ಆಕ್ರಮಿಸಬಲ್ಲುದು. ಪೂರ್ತಿ ನೀರಿನಲ್ಲಿ ಮುಳುಗಿಸಿದರೆ ಮತ್ತೆ ಕುಗ್ಗಿ ತೆಪ್ಪಗಾಗುತ್ತದೆ. ಲಾರಿಯ ಅಳತೆಯಲ್ಲಿ ತೇವದ ಮರಳನ್ನು ಕೊಂಡ ಗೃಹಸ್ಥನು ಒಂದಷ್ಟು ಗಾಳಿಗೂ ಬೆಲೆ ತೆತ್ತನೆಂದೇ ತಿಳಿಯಬೇಕು. ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆ ದಾಕ್ಷಿಣ್ಯವೂ ಇಲ್ಲದಿಲ್ಲ. ಗಾರೆಯ ಅಳತೆಯಲ್ಲಿ ಅರ್ಧ ಚದರ ಮೀಟರಿಗೆ ಮೀರದ ಕಿಂಡಿಯನ್ನು ಕಳೆಯುವ ಪದ್ಧತಿಯಿಲ್ಲ. ಅದರ ಅಂಚುಗಳನ್ನು ತಿದ್ದುವ ಶ್ರಮಕ್ಕೆ ಅದು ಸರಿಹೋಯಿತೆಂದು ಬಿಟ್ಟುಬಿಡುತ್ತಾರೆ.

ಪರಿಮಾಣವು ಗಣಿತದ ಮಾತು. ದರವು ಕಾಲದ ಮಾತು. ಸರ್ಕಾರಿ ಕಾಮಗಾರಿಗೆ ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಆಸರೆಯಿದೆ. ಗೃಹಸ್ಥನಿಗೆ ಪೇಟೆಯೇ ಗತಿ. ದರ ಇಳಿಯುವುದೇ ಇಲ್ಲವೆನ್ನುವಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸಿಮೆಂಟಿನ ಮೇಲಿನ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಆ ಉಳಿತಾಯವನ್ನು ಅನೇಕರು ಆ ವಾರವೇ ಹಿತ್ತಾಳೆಯ ಚಿಲಕಕ್ಕೆ ಸುರಿದಿದ್ದರೆ ಆಶ್ಚರ್ಯವಿಲ್ಲ.

ಪಟ್ಟಿಯ ಕೊನೆಗೆ ‘ಅನಿರೀಕ್ಷಿತ ವೆಚ್ಚ’ ಎಂದು ನೂರಕ್ಕೆ ಮೂರೋ ಐದೋ ಸೇರಿಸಿರುತ್ತಾರೆ. ಅಗೆಯುವಾಗ ಬಂಡೆ ಸಿಕ್ಕೀತು, ಮಳೆ ಬಂದು ಪಾಯ ಕುಸಿದೀತು ಎಂಬಂಥ ದೈವಾಧೀನ ಸಂಗತಿಗಳಿಗಾಗಿ ಮೀಸಲಾದ ಹಣವದು. ಗೃಹಸ್ಥರು ಅದನ್ನು ಮನಸ್ಸು ಬದಲಾಯಿಸುವ ಖರ್ಚೆಂದು ತಿಳಿಯುತ್ತಾರೆ. ಗೋಡೆ ಎದೆಯೆತ್ತರ ಬಂದಾಗ ಅಡಿಗೆಮನೆ ಕಿರಿದಾಯಿತೆನಿಸುತ್ತದೆ. ಮೋಲ್ಡಿನ ಹಿಂದಿನ ದಿನ, ಮಹಡಿಯ ಮೇಲೊಂದು ಕೋಣೆ ಇದ್ದರೆ ಬಾಡಿಗೆಗಾದರೂ ಆದೀತೆಂದು ಭಾವಮೈದ ಬಂದು ಹೇಳಿ, ಕಾಫಿ ಕುಡಿದು ಹೋಗುತ್ತಾನೆ. ಮನುಷ್ಯನ ಆಸೆಗೆ ಉದ್ದಗಲಗಳನ್ನು ಬರೆಯುವ ಅಂಕಣ ಯಾವ ಪಟ್ಟಿಯಲ್ಲೂ ಇಲ್ಲವಷ್ಟೆ!

ಅಂದಾಜು ಮೀರಿದಾಗ ತೆರಬೇಕಾದವರು ಯಾರು ಎಂಬ ಜಗಳ ಎರಡು ಸಾವಿರ ವರ್ಷಗಳಿಗೂ ಹಳೆಯದು. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಹತ್ತನೆಯ ಸಂಪುಟದ ಆರಂಭದಲ್ಲಿ ಎಫೆಸಸ್ ನಗರದ ಪುರಾತನ ಕಾನೂನೊಂದನ್ನು ಹೇಳಿದ್ದಾನೆ. ಸಾರ್ವಜನಿಕ ಕಟ್ಟಡವನ್ನು ವಹಿಸಿಕೊಂಡ ಶಿಲ್ಪಿ ಮೊದಲೇ ವೆಚ್ಚವನ್ನು ತಿಳಿಸಿ, ಕೆಲಸ ಮುಗಿಯುವವರೆಗೆ ತನ್ನ ಆಸ್ತಿಯನ್ನು ಅಧಿಕಾರಿಯಲ್ಲಿ ಒತ್ತೆಯಿಡಬೇಕಿತ್ತು. ಹೇಳಿದಷ್ಟರಲ್ಲಿ ಮುಗಿದರೆ ಸನ್ಮಾನ. ಕಾಲುಭಾಗದವರೆಗೆ ಮೀರಿದರೆ ಬೊಕ್ಕಸ ತುಂಬುವುದು. ಅದಕ್ಕೂ ಮೀರಿದರೆ ಶಿಲ್ಪಿಯ ಆಸ್ತಿಯಿಂದಲೇ ವಸೂಲಿ! ಆ ಕಾನೂನು ಇಂದು ಇದ್ದಿದ್ದರೆ ಎಷ್ಟು ಕಟ್ಟಡಗಳು ಏಳುತ್ತಿದ್ದವೋ. ಸಿಡ್ನಿಯ ಒಪೆರಾ ಹೌಸನ್ನು 1957ರಲ್ಲಿ ಅಂದಾಜಿಸಿದ್ದು 70 ಲಕ್ಷ ಆಸ್ಟ್ರೇಲಿಯನ್ ಡಾಲರಿಗೆ. 1973ರಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ತಗುಲಿದ್ದು 10 ಕೋಟಿ 20 ಲಕ್ಷ. ಅದರ ಬಹುಪಾಲನ್ನು ಲಾಟರಿ ನಡೆಸಿ ಕೂಡಿಸಿದರು. ಗೃಹಸ್ಥನ ಪಾಲಿಗೆ ಅಂಥ ಲಾಟರಿಯಿಲ್ಲ. ಅವನ ಬೊಕ್ಕಸವೆಂದರೆ ಹೆಂಡತಿಯ ಕೈಬಳೆ.

ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ 30×40 ಅಡಿಯ ನಿವೇಶನವುಳ್ಳ ನಿವೃತ್ತ ಮೇಷ್ಟರೊಬ್ಬರನ್ನು ಕಲ್ಪಿಸಿಕೊಳ್ಳಿರಿ. ಬ್ಯಾಂಕು ಅಂದಾಜು ಪಟ್ಟಿಯನ್ನು ನೋಡಿಯೇ ಸಾಲ ಮಂಜೂರು ಮಾಡುತ್ತದೆ. ಅದನ್ನೂ ಪಾಯಕ್ಕಿಷ್ಟು, ಛಾವಣಿಗಿಷ್ಟು ಎಂದು ಕಂತುಕಂತಾಗಿ ಬಿಡುತ್ತದೆ. ಮಿಕ್ಕದ್ದು ನಿವೃತ್ತಿಯ ಹಣ. ಪಟ್ಟಿ ನಡುವೆ ಕೈಕೊಟ್ಟರೆ ಛಾವಣಿ ಬಿದ್ದ ಮನೆ ಗಾರೆ ಕಾಣದೆ ನಿಲ್ಲುತ್ತದೆ. ಅತ್ತ ಬಾಡಿಗೆ, ಇತ್ತ ಬಡ್ಡಿ. ಹೊಸ ಬಡಾವಣೆಗಳಲ್ಲಿ ಆಕಾಶಕ್ಕೆ ಚಾಚಿಕೊಂಡು ತುಕ್ಕು ಹಿಡಿಯುತ್ತಿರುವ ಕಂಬಿಗಳಲ್ಲಿ ಎಷ್ಟೋ ಇಂಥ ಪಟ್ಟಿಗಳ ಕತೆಯೇ.

ಮೇಷ್ಟರ ಮೇಜಿನ ಮೇಲೆ ಈಗ ಎರಡು ಅಂದಾಜುಗಳಿವೆ. ಒಬ್ಬ ಎಂಜಿನಿಯರು ಹದಿನಾಲ್ಕು ಪುಟ ಬರೆದು 24 ಲಕ್ಷವೆಂದಿದ್ದಾನೆ. ಗುತ್ತಿಗೆದಾರನೊಬ್ಬ ಒಂದೇ ಹಾಳೆಯಲ್ಲಿ, ಚದರಕ್ಕೆ ಇಷ್ಟೆಂದು, ಹತ್ತೊಂಬತ್ತೂವರೆ ಲಕ್ಷಕ್ಕೆ ಮುಗಿಸಿದ್ದಾನೆ. ನೂರು ಚದರಡಿಗೆ ಒಂದು ‘ಚದರ’ವೆಂಬ ಈ ಲೆಕ್ಕ ಆ ಕಡೆ ಎಲ್ಲರ ನಾಲಗೆಯ ಮೇಲಿರುವುದರಿಂದ ನಂಬಲು ಹಿತವಾಗಿಯೂ ಇದೆ. ದೊಡ್ಡ ಸಂಖ್ಯೆಯನ್ನು ಮೊದಲೇ ಹೇಳಿದವನು ಕೆಲಸ ಕಳೆದುಕೊಳ್ಳುವುದು ಈ ವೃತ್ತಿಯ ಹಳೆಯ ದುರ್ದೈವ. ಮೇಷ್ಟರ ಮನಸ್ಸೂ ಒಂದು ಹಾಳೆಯ ಕಡೆಗೇ ವಾಲಿತು.

“ಅಲ್ಲಾಂದ್ರೆ, ಇದರಲ್ಲಿ ಸಂಪು ಎಲ್ಲಿದೆ?” ಎಂದರು ಅವರ ಮನೆಯಾಕೆ, ಮೂವತ್ತು ವರ್ಷ ಸಂಬಳದ ದಿನದಿಂದ ತಿಂಗಳ ಕೊನೆಯವರೆಗಿನ ಅಂದಾಜು ಮಾಡಿದವರು.

“ಇರುತ್ತೆ ಕಣೆ. ಸಂಪಿಲ್ಲದೆ ಯಾರಾದರೂ ಮನೆ ಕಟ್ಟುತ್ತಾರೆಯೆ?”

“ಬರೆದಿಲ್ಲವಲ್ಲ. ಕಾಂಪೌಂಡೂ ಇಲ್ಲ, ಮಹಡಿಯ ಮೆಟ್ಟಿಲೂ ಇಲ್ಲ, ಕಿಟಕಿಗೆ ಸರಳೂ ಇಲ್ಲ.”

ಆಕೆ ಹದಿನಾಲ್ಕು ಪುಟಗಳನ್ನು ತಿರುವಿ, ಅಲ್ಲಿ ಬರೆದಿದ್ದ ಬೆಲೆಗಳನ್ನೇ ಹಾಳೆಯ ಬೆನ್ನಿಗೆ ಪೆನ್ಸಿಲಿನಿಂದ ಇಳಿಸಿದರು. ಸಂಪಿಗೆ ಒಂದೂಕಾಲು, ಕಾಂಪೌಂಡಿಗೂ ಗೇಟಿಗೂ ಒಂದೂಮುಕ್ಕಾಲು, ಮೆಟ್ಟಿಲಿಗೆ ಒಂದು, ಸರಳಿಗೆ ಮುಕ್ಕಾಲು. ಹತ್ತೊಂಬತ್ತೂವರೆಯೊಂದಿಗೆ ಕೂಡಿದಾಗ ಇಪ್ಪತ್ತನಾಲ್ಕೂಕಾಲು ಲಕ್ಷವಾಯಿತು. ಮೇಷ್ಟರು ಕನ್ನಡಕವನ್ನು ಸರಿಪಡಿಸಿಕೊಂಡು, ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡಿದರು.