ಕೋಲ್ ಮೇಷ್ಟ್ರ ಭಾನುವಾರಗಳು

147573952589676412927

ಹೆದರಬೇಡಿ, ಯಾರದೋ ಮೊಬೈಲ್ ನಂಬರ್ ಅಲ್ಲ :-) 67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಸಿಗುವ ಸಂಖ್ಯೆ. 21 ಅಂಕಿ. ನಾವು ದಿನಾ ಬಳಸುವ 64 ಬಿಟ್ ಪೂರ್ಣಾಂಕದೊಳಗೆ ಇದು ಹಿಡಿಸೋದೇ ಇಲ್ಲ.

1644ರಲ್ಲಿ ಮರ್ಸೆನ್ ಎಂಬ ಫ್ರೆಂಚ್ ಸನ್ಯಾಸಿ ಇದು ಅವಿಭಾಜ್ಯ ಅಂದುಬಿಟ್ಟ. 1876ರಲ್ಲಿ ಲೂಕಾಸ್, ಅಲ್ಲ ಅಂತ ಸಾಧಿಸಿದ. ಆದರೆ ಯಾವುದರಿಂದ ಭಾಗವಾಗುತ್ತೆ ಅಂತ ಅವನಿಗೂ ಗೊತ್ತಿರಲಿಲ್ಲ! ಬಗ್ ಇರೋದು ಖಾತ್ರಿ, ಯಾವ ಸಾಲಿನಲ್ಲಿ ಅಂತ ತಿಳಿಯದು... ನಮ್ಮ ಪಾಡೂ ಇದೇ ತಾನೆ?

1903ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಉತ್ತರ ಕೊಟ್ಟರು. 193707721 × 761838257287. ತುಟಿ ಬಿಚ್ಚದೆ ಬೋರ್ಡ್ ಮೇಲೆ ಗುಣಾಕಾರ ಮಾಡಿ ಬಂದು ಕೂತರು ಅಂತ ಇ.ಟಿ. ಬೆಲ್ ಬರೆದಿದ್ದಾರೆ (ಬೆಲ್ ಕಥೆಗಳಿಗೆ ಸ್ವಲ್ಪ ಒಗ್ಗರಣೆ ಜಾಸ್ತಿ). ಎಷ್ಟು ದಿನ ಹಿಡಿಯಿತು ಅಂತ ಕೇಳಿದ್ದಕ್ಕೆ, ಮೂರು ವರ್ಷದ ಭಾನುವಾರಗಳು ಅಂದರಂತೆ.

ನೂರೈವತ್ತು ಭಾನುವಾರ! ಮ್ಯಾನೇಜರ್ ಇಲ್ಲ, ಡೆಡ್‌ಲೈನ್ ಇಲ್ಲ, ಯಾರೂ ಕೇಳಿದ್ದೂ ಅಲ್ಲ. ನನ್ನ ಭಾನುವಾರಗಳು ಬಟ್ಟೆ ಒಗೆಯೋದಕ್ಕೂ ನಿದ್ದೆಗೂ ಸರಿಹೋಗ್ತವೆ.

ಹುಡುಕೋದಕ್ಕೆ ಮೂರು ವರ್ಷ, ಸರಿಯಿದೆಯಾ ಅಂತ ನೋಡೋದಕ್ಕೆ ಒಂದು ಬೋರ್ಡ್ ಸಾಕು. 1977ರಲ್ಲಿ ಹುಟ್ಟಿದ ಆರ್‌ಎಸ್‌ಎ ಬೀಗ ನಿಂತಿರೋದು ಈ ಅಂತರದ ಮೇಲೆಯೇ. ಅಲ್ಲಿ ಮಾತ್ರ 21 ಅಂಕಿ ಸಾಲದು, ಆರುನೂರು ದಾಟಿದ್ದು ಬೇಕು.

ಕೋಲ್ ಸಂಖ್ಯೆಯನ್ನು ನನ್ನ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆಯುತ್ತೆ. ಆದರೂ ಮೊನ್ನೆ ಕಾಗದ, ಪೆನ್ನು ಹಿಡಿದು ಆ ಗುಣಾಕಾರ ಮಾಡಿದೆ. ಅರ್ಧ ಗಂಟೆಯಾದ ಮೇಲೆ ಎಡತುದಿಯಲ್ಲಿ 147 ಬಂದಾಗ, ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ತೋರಿಸಬಹುದಿತ್ತು ಅನಿಸಿತು.