ಫೈಲ್ ಯಾರ ಟೇಬಲ್ ಮೇಲೆ ಕೂತೈತಿ?



ಇದು ಕಂಪ್ಯೂಟರ್ ವಿಷಯ. ಆದ್ರೂ ಪೂರ್ತಿ ಓದಿ, ನಮ್ಮ ಜನರ ಜಮೀನಿನ ಕಾಗದಗಳು ಇದರೊಳಗಿವೆ.

ಹರಪನಹಳ್ಳಿಯ ನಮ್ಮ ರೂಮಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಇದೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳೋಕಾಗದೆ ಲಿನಕ್ಸ್ ಹಾಕಿಕೊಂಡಿದ್ದೇವೆ. ಪಿಟಿಸಿಎಲ್ ಕೇಸುಗಳ ಸಾಗುವಳಿ ಚೀಟಿ, ಪಹಣಿ, ಕ್ರಯಪತ್ರ ಎಲ್ಲ ಸ್ಕ್ಯಾನ್ ಮಾಡಿ ಇಟ್ಟಿರೋದು ಅದರಲ್ಲೇ. ನಮ್ಮ ತಾಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯ್ತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಒಂದು ಸರ್ವೆ ನಂಬರಿನ ಕಾಗದಕ್ಕೆ ಮೂರು ಊರು ತಿರುಗಿದವರಿಗೆ ಒಂದೊಂದು ಸ್ಕ್ಯಾನಿನ ಬೆಲೆ ಗೊತ್ತು.

ಹೋದ ತಿಂಗಳು ಆ ಕಂಪ್ಯೂಟರ್ ಮೊಂಡು ಹಿಡೀತು. ಫೋಲ್ಡರ್ ತೆರೆಯೋಕೆ ಐದು ನಿಮಿಷ. ಎದುರಿಗೆ ಕೂತಿದ್ದ ಅಜ್ಜಿ, "ಯಪ್ಪಾ, ಇದೂ ಆಫೀಸಿನಂಗೆ ಆತೇನು?" ಅಂದ್ರು. ನಮ್ಮ ಹುಡುಗ, "ಹಳೇದಾತು ಅಣ್ಣಾ, ಫಾರ್ಮ್ಯಾಟ್ ಹೊಡಿಯೋಣ" ಅಂದ. ತಡಿ ತಮ್ಮಾ ಅಂದೆ. ಕಚೇರಿಯಲ್ಲಿ ಫೈಲ್ ನಿಂತಾಗ ನಾವು ಮೊದಲು ಏನು ಕೇಳ್ತೀವಿ? ಯಾರ ಟೇಬಲ್ ಮೇಲೆ ಕೂತೈತಿ ಅಂತ. ಇಲ್ಲೂ ಅದನ್ನೇ ಕೇಳಬೇಕು.

ಟರ್ಮಿನಲ್‌ನಲ್ಲಿ 'ಟಾಪ್' ಕೊಟ್ಟೆ. ಅದರಲ್ಲಿ 'ಡಬ್ಲ್ಯೂಎ' ಅನ್ನೋ ಅಂಕಿ ಇರುತ್ತೆ. ಪ್ರೊಸೆಸರ್ ಡಿಸ್ಕ್‌ಗಾಗಿ ಕಾಯ್ತಾ ಎಷ್ಟು ಹೊತ್ತು ಸುಮ್ಮನೆ ಕೂತಿದೆ ಅನ್ನೋ ಲೆಕ್ಕ ಅದು. 80 ದಾಟಿತ್ತು. 'ಫ್ರೀ' ಕೊಟ್ಟೆ, ರ್‍ಯಾಮ್ ಸಾಕಷ್ಟಿತ್ತು. 'ಡಿಎಫ್' ಕೊಟ್ಟೆ, ಡಿಸ್ಕ್ ತುಂಬಿರಲಿಲ್ಲ. 'ಐಓಟಾಪ್' ನೋಡಿದ್ರೆ, ಹುಡುಕಾಟಕ್ಕೆ ಅಂತ ಇರೋ ಇಂಡೆಕ್ಸರ್ ಎಲ್ಲ ಪಿಡಿಎಫ್‌ಗಳನ್ನೂ ಓದ್ತಾ ಕೂತಿತ್ತು. ನಿಲ್ಲಿಸಿದೆ. ಸ್ವಲ್ಪ ಹಗುರಾಯ್ತು, ಸರಿ ಹೋಗಲಿಲ್ಲ.

ಕೊನೆಗೆ 'ಡಿಮೆಸ್ಗ್' ಕೊಟ್ಟೆ. ಸಾಲು ಸಾಲು ಐ/ಓ ಎರರ್. 'ಸ್ಮಾರ್ಟ್‌ಸಿಟಿಎಲ್' ಓಡಿಸಿದೆ. ಓದಲಾಗದ ಸೆಕ್ಟರ್‌ಗಳ ಎಣಿಕೆ ಸೊನ್ನೆ ಇರಬೇಕಿತ್ತು, ಇರಲಿಲ್ಲ. ಕೆಟ್ಟ ಜಾಗ ಸಿಕ್ಕಾಗ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದೋಕೆ ನೋಡುತ್ತೆ, ಹಿಂದಿನದೆಲ್ಲ ಸರದಿಯಲ್ಲಿ ನಿಲ್ಲುತ್ತೆ. ಫೈಲ್‌ಸಿಸ್ಟಮ್ ತಪ್ಪೇನೂ ಇರಲಿಲ್ಲ, ಡಿಸ್ಕೇ ಸಾಯ್ತಾ ಇತ್ತು.

ಇಂಥ ಹೊತ್ತಲ್ಲಿ ರಿಪೇರಿ ಅಂತ 'ಎಫ್‌ಎಸ್‌ಸಿಕೆ' ಓಡಿಸಬೇಡಿ. ಅದು ಆ ಡಿಸ್ಕ್ ಮೇಲೇ ಬರೆಯೋಕೆ ಹೋಗುತ್ತೆ, ಇದ್ದದ್ದೂ ಹೋಗಬಹುದು. ಮೊದಲು ನಕಲು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ 'ಡಿಡಿರೆಸ್ಕ್ಯೂ' ಹಾಕಿದ್ವಿ. ಚೆನ್ನಾಗಿರೋ ಜಾಗವನ್ನೆಲ್ಲ ಮೊದಲು ಹೊಸ ಡಿಸ್ಕ್‌ಗೆ ಎತ್ತಿಕೊಂಡು, ಕೆಟ್ಟದ್ದನ್ನ ಆಮೇಲೆ ಕೆದಕುತ್ತೆ. ರಾತ್ರಿಯಿಡೀ ಕೂತ್ವಿ. ಮೂರು ಫೈಲ್ ಬಿಟ್ಟು ಎಲ್ಲ ಬಂತು. ಎರಡರ ಮೂಲ ಪ್ರತಿ ಮನೆಯವರ ಹತ್ರ ಇತ್ತು. ಮೂರನೆಯದು ಆ ಅಜ್ಜಿಯ ಸಾಗುವಳಿ ಚೀಟಿ. ಮೂಲ ಪ್ರತಿ ಮಳೆಗೆ ಮನೆ ಬಿದ್ದಾಗಲೇ ಹೋಗಿತ್ತು. ಈಗ ದೃಢೀಕೃತ ನಕಲಿಗೆ ಮತ್ತೆ ಅರ್ಜಿ, ಮತ್ತೆ ಅಲೆದಾಟ. ಅವರ ಮುಖ ನೋಡಿ ಏನು ಹೇಳಬೇಕೋ ತಿಳೀಲಿಲ್ಲ. ನಕಲು ಇಟ್ಟುಕೊಳ್ಳದೇ ಇದ್ದದ್ದು ನನ್ನ ತಪ್ಪು.

ತಡ ಅನ್ನೋದು ನಮಗೆ ಬರೀ ಬೇಜಾರಿನ ಮಾತಲ್ಲ. 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಕಾಲಮಿತಿ ಬರೆದಿರಲಿಲ್ಲ. ಆದ್ರೂ 2017ರಲ್ಲಿ ಸುಪ್ರೀಂ ಕೋರ್ಟ್ ಸಮಂಜಸ ಅವಧಿಯೊಳಗೆ ಬರಬೇಕು ಅಂದಮೇಲೆ, ತಡ ಆಯ್ತು ಅಂತಲೇ ಎಷ್ಟೋ ಕೇಸುಗಳು ಬಿದ್ದವು. ಹೋರಾಡಿ 2023ರಲ್ಲಿ ತಿದ್ದುಪಡಿ ತಂದ್ವಿ, ಕಾಲಮಿತಿ ಇಲ್ಲ ಅಂತ ಬರೆಸಿದ್ವಿ. ಕಾನೂನು ಕಾಯಬಹುದು, ಡಿಸ್ಕ್ ಕಾಯಲ್ಲ.

ಸಂಘಟನೆಯ ಕಂಪ್ಯೂಟರ್ ಇರೋರು ಈ ವಾರವೇ ಡಿಸ್ಕ್ ಪರೀಕ್ಷೆ ಮಾಡ್ರಿ. ಪ್ರತಿ ಕಾಗದಕ್ಕೂ ಎರಡು ನಕಲು ಬೇರೆ ಡಿಸ್ಕ್‌ಗಳಲ್ಲಿ ಇರಲಿ, ಅದರಲ್ಲಿ ಒಂದು ಬೇರೆಯವರ ಮನೇಲಿ ಇರಲಿ. ಗೊತ್ತಾಗದಿದ್ರೆ ಫೋನ್ ಮಾಡ್ರಿ, ಬಂದು ನೋಡ್ತೀವಿ.

ಜೈಭೀಮ್.